ಮಂಗಳವಾರದ ಫೋನಿಗೆ ಮುಂಚೆ

ಪೂಜ್ಯ ಅಶ್ವತ್ಥನಾರಾಯಣ ಅಂಕಲ್ ಅವರಿಗೆ,

ಮೆಟುಚೆನ್‌ನಿಂದ ರಜನಿಯ ನಮಸ್ಕಾರ. ಹೇಗಿದ್ದೀರಿ ಎಂದು ಈ ಸಲ ಕೇಳುವುದಿಲ್ಲ. ಯಾಕೆಂದು ಮುಂದೆ ತಿಳಿಯುತ್ತದೆ.

ಈ ಕಾಗದವನ್ನು ನಿಮಗೆ ಓದಿ ಹೇಳುತ್ತಿರುವವರು ತ್ರಿಪುರಸುಂದರಿ ಆಂಟಿ. ಕಾಗದ ಕೈಗೆ ಕೊಟ್ಟರೆ ಅದು ಬೆರಳುಗಳ ನಡುವೆ ಇದೆಯೋ ಜಾರಿತೋ ನಿಮಗೆ ತಿಳಿಯುವುದಿಲ್ಲ ಎಂಬುದು ನನಗೆ ಈಗ ಗೊತ್ತು. ಗೊತ್ತಾಗಿದ್ದು ಮೊನ್ನೆ ಗುರುವಾರ, ಗೊತ್ತಾಗಬೇಕಿದ್ದದ್ದು ಏಪ್ರಿಲ್‌ನಲ್ಲಿ. ಆಂಟಿ, ನಿಮ್ಮಲ್ಲಿ ಒಂದೇ ವಿನಂತಿ. ಅಂಕಲ್‌ಗೆ ಬೇಜಾರಾಗುತ್ತದೆಂದು ನಡುವೆ ಒಂದು ಸಾಲನ್ನೂ ಹಾರಿಸಬೇಡಿ. ಓದಲಾಗದಿದ್ದರೆ ನೀರು ಕುಡಿದು ಮತ್ತೆ ಓದಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು “ನಾನು ಚೆನ್ನಾಗೇ ಇದೀನಮ್ಮಾ, ನಿಂದು ಊಟ ಆಯ್ತಾ?” ಎನ್ನುತ್ತೀರಿ. ನಾನು ಊಟದ ಮಾತಿಗೆ ಇಳಿದುಬಿಡುತ್ತೇನೆ. ಮೂರು ತಿಂಗಳು ನಾವಿಬ್ಬರೂ ಮಾಡಿದ್ದು ಅದನ್ನೇ.

ಆಂಟಿಗೆ ನನ್ನ ಕೆಲಸ ಪೂರ್ತಿ ಗೊತ್ತಿರಲಿಕ್ಕಿಲ್ಲ, ಹೇಳಿಬಿಡುತ್ತೇನೆ. ನಾನು ಡಾಕ್ಟರಲ್ಲ, ನರ್ಸೂ ಅಲ್ಲ. ಹೊಸ ಔಷಧಿಯ ಪ್ರಯೋಗಕ್ಕೆ ಸೇರಿದವರನ್ನು ವಾರವಾರ ಎದುರಿಗೆ ಕೂರಿಸಿಕೊಂಡು, ಅವರಿಗೆ ಏನೇನಾಗುತ್ತಿದೆ ಎಂದು ಕೇಳಿ ಬರೆದುಕೊಳ್ಳುವವಳು. ಮೇದೋಜೀರಕ ಗ್ರಂಥಿಯ ಕ್ಯಾನ್ಸರ್ ತನ್ನ ಸುತ್ತ ಗಟ್ಟಿ ಗೋಡೆ ಕಟ್ಟಿಕೊಂಡು ಕೂರುತ್ತದೆ, ಕೀಮೋ ಒಳಗೆ ಹೋಗಲಿಕ್ಕೇ ಬಿಡುವುದಿಲ್ಲ. ನಮ್ಮ ಕ್ಯಾಪ್ಸೂಲ್ ಆ ಗೋಡೆಯನ್ನು ಸಡಿಲ ಮಾಡುತ್ತದೆಯೇ ಎಂದು ನೋಡುವುದು ಈ ಅಧ್ಯಯನದ ಆಸೆ. ಮಾರ್ಚ್‌ನಲ್ಲಿ ಮೂವತ್ತೊಂದು ಪುಟದ ಒಪ್ಪಿಗೆ ಪತ್ರವನ್ನು ನಾನು ಇಂಗ್ಲಿಷಿನಲ್ಲಿ ಓದಿ ಹೇಳುತ್ತಿದ್ದಾಗ ನೀವು ಹದಿನೆಂಟನೇ ಪುಟದಲ್ಲಿ ತಡೆದು, “ನೀವು ಧಾರವಾಡದ ಕಡೆಯವರಾ?” ಎಂದು ಕೇಳಿದಿರಿ. ನನ್ನ ಇಂಗ್ಲಿಷಿನಲ್ಲೂ ಧಾರವಾಡ ಕೇಳುತ್ತದೆ ಎಂದು ಅಂದೇ ಗೊತ್ತಾಗಿದ್ದು! ಆಮೇಲೆ ನಾನು “ಹೌದ್ರೀ” ಎಂದೆ, ನೀವು ಮೈಸೂರಿನವರ ಠೀವಿಯಲ್ಲಿ ನಕ್ಕಿರಿ, ಉಳಿದ ಹದಿಮೂರು ಪುಟ ಕನ್ನಡದಲ್ಲೇ ನಡೆಯಿತು. ಅಂದಿನಿಂದ ನೀವು ನನಗೆ ಪೇಷಂಟ್ ಆಗಿ ಉಳಿಯಲಿಲ್ಲ, ತಪ್ಪು ಶುರುವಾಗಿದ್ದೂ ಅಲ್ಲಿಂದಲೇ.

ಈ ಔಷಧಿಯನ್ನು ಮನುಷ್ಯರಿಗೆ ಎಷ್ಟು ಕೊಡಬಹುದು ಎಂದು ಇನ್ನೂ ಯಾರಿಗೂ ಗೊತ್ತಿಲ್ಲ. ಅದಕ್ಕೇ ಮೆಟ್ಟಿಲು ಮೆಟ್ಟಿಲಾಗಿ ಹತ್ತುತ್ತೇವೆ. ಒಂದು ಪ್ರಮಾಣವನ್ನು ಮೂರು ಜನರಿಗೆ ಕೊಟ್ಟು ನಾಲ್ಕು ವಾರ ಕಾಯುತ್ತೇವೆ. ಮೂವರೂ ತಡೆದುಕೊಂಡರೆ ಮುಂದಿನವರಿಗೆ ಹೆಚ್ಚಿನ ಪ್ರಮಾಣ. ಮೂವರಲ್ಲಿ ಒಬ್ಬರಿಗೆ ತೀರಾ ಕಷ್ಟವಾದರೂ ಏರಿಸುವಂತಿಲ್ಲ, ಅದೇ ಪ್ರಮಾಣದಲ್ಲಿ ಇನ್ನೂ ಮೂವರನ್ನು ನೋಡಬೇಕು. ನಿಮ್ಮ ಮೆಟ್ಟಿಲಿನಲ್ಲಿ ಮೊದಲ ಇಬ್ಬರು ಸುಸೂತ್ರವಾಗಿ ದಾಟಿದ್ದರು. ಮೂರನೆಯವರು ನೀವು.

ಔಷಧಿಯಿಂದ ಬೆರಳು ಮರಗಟ್ಟಿದರೆ ಅದನ್ನು ಅಳೆಯಲು ನಮ್ಮಲ್ಲಿ ಅಂಕಿಗಳಿವೆ. ಸ್ವಲ್ಪ ಜುಮುಗುಟ್ಟಿದರೆ ಒಂದು. ತನ್ನ ಬಟ್ಟೆ ತಾನು ಹಾಕಿಕೊಳ್ಳಲು, ತನ್ನ ಊಟ ತಾನು ಮಾಡಲು ಆಗದಿದ್ದರೆ ಮೂರು. ಮೂರು ಎಂದರೆ ತೀರಾ ಕಷ್ಟ, ಮೆಟ್ಟಿಲು ಹತ್ತುವುದು ಅಲ್ಲಿಗೇ ನಿಲ್ಲಬೇಕು. ನಾನು ಪ್ರತಿ ಬುಧವಾರ ಕೇಳಿದೆ. ನೀವು ಪ್ರತಿ ಬುಧವಾರ ಹೇಳಿದಿರಿ: “ಸ್ವಲ್ಪ ಜುಮ್ ಅನ್ನತ್ತೆ ಅಷ್ಟೆ ಕಣಮ್ಮ. ಒಂದು ಅಂತ ಹಾಕ್ಕೋ.” ನಾಲ್ಕು ವಾರವೂ ಒಂದು ಎಂದೇ ಬರೆದುಕೊಂಡೆ. ನಿಮ್ಮ ಔಷಧಿ ನಿಂತದ್ದು ಬೇರೆ ಕಾರಣಕ್ಕೆ. ಜೂನ್ ಮೊದಲ ವಾರದ ಸ್ಕ್ಯಾನಿನಲ್ಲಿ ಲಿವರಿನ ಗಡ್ಡೆಗಳು ಬೆಳೆದಿದ್ದವು. ನೀವು ಸಮರ್‌ಸೆಟ್‌ನ ಮನೆಗೆ ಹೋಗಿ ಮಲಗಿದಿರಿ. ಇಲ್ಲಿ ಮೂವರ ಅಂಕಿಗಳನ್ನು ನೋಡಿದ ಸಮಿತಿ ಮುಂದಿನ ಮೆಟ್ಟಿಲಿಗೆ ಒಪ್ಪಿಗೆ ಕೊಟ್ಟಿತು.

ಗುರುವಾರ ಆಂಟಿ ಫೋನ್ ಮಾಡಿದ್ದು ಉಳಿದ ಕ್ಯಾಪ್ಸೂಲ್‌ಗಳನ್ನು ಹೇಗೆ ವಾಪಸ್ ಕೊಡಬೇಕೆಂದು ಕೇಳಲು. ಅವರ ಮೇಲೆ ರೇಗಬೇಡಿ. ಎಲ್ಲ ಮುಗಿಯಿತಲ್ಲ, ಇನ್ನೇನು ಮುಚ್ಚುಮರೆ ಎಂದುಕೊಂಡು ಆಡಿದ ಮಾತು ಅದು. “ಕಾರ್ ಪಾರ್ಕಲ್ಲಿ ಇವ್ರ ಶರ್ಟ್ ಬಟನ್ ಹಾಕಿ ಹಾಕಿ ನಂಗೆ ಸಾಕಾಗಿತ್ತು ಕಣೇ ರಜನಿ. ಮೂರನೇ ವಾರದಿಂದ ಅನ್ನ ಕಲಸಿ ನಾನೇ ಬಾಯಿಗಿಡ್ತಿದ್ದೆ. ನಿಂಗೆ ಹೇಳ್ಬೇಡ ಅಂದಿದ್ರು. ಹೇಳಿದ್ರೆ ಔಷಧಿ ನಿಲ್ಲಿಸಿಬಿಡ್ತಾರೆ, ಆ ಹುಡುಗಿಗೂ ಕೆಟ್ಟ ಹೆಸರು ಬರತ್ತೆ ಅಂತ.” ಫೋನ್ ಇಟ್ಟ ಮೇಲೆ ಮೊದಲು ಬಂದದ್ದು ಸಿಟ್ಟು. ನಿಮ್ಮ ಮೇಲೆ, ಅಂಕಲ್. ಡಾಕ್ಟರ ಹತ್ತಿರವೂ ವಕೀಲರ ಹತ್ತಿರವೂ ಸುಳ್ಳು ಹೇಳಬಾರದು ಎಂದು ಚಿಕ್ಕ ಮಕ್ಕಳಿಗೂ ಹೇಳಿಕೊಡುತ್ತೇವೆ. ನೀವು ಎತ್ತು ಈಯಿತು ಎಂದಿರಿ, ನಾನು ಓದಿದ ಹೆಂಗಸು, ಕರುವನ್ನು ಕೊಟ್ಟಿಗೆಯಲ್ಲಿ ಕಟ್ಟಿ ಸಹಿ ಹಾಕಿದೆ.

ಆಮೇಲೆ ಸಿಟ್ಟು ನನ್ನ ಕಡೆಗೇ ತಿರುಗಿತು. ಯಾಕೆಂದರೆ ನಾನು ನೋಡಿದ್ದೆ. ಇಸ್ತ್ರಿ ಮಾಡಿದ ಶರ್ಟಿಲ್ಲದೆ ಮನೆಯಿಂದ ಹೊರಗೆ ಕಾಲಿಡದ ನೀವು ಮೂರನೇ ವಾರ ಟೀ ಶರ್ಟಿನಲ್ಲಿ ಬಂದಿರಿ. ನಾಲ್ಕನೇ ವಾರವೂ ಟೀ ಶರ್ಟ್. ನಾನೇನು ಮಾಡಿದೆ ನೆನಪಿದೆಯೇ? “ಏನ್ರೀ ಅಂಕಲ್, ಈ ವಯಸ್ಸಿನಾಗ ಅಮೆರಿಕನ್ ಆಗಿಬಿಟ್ರಲ್ಲಾ!” ಎಂದು ರೇಗಿಸಿದೆ. ನೀವು ನಕ್ಕಿರಿ. ನಿಮ್ಮ ಕೈ ಎರಡೂ ತೊಡೆಯ ಕೆಳಗಿದ್ದವು. ನಾನು ಅದನ್ನೂ ನೋಡಿದೆ, ಚಳಿಯಿರಬೇಕು ಎಂದುಕೊಂಡೆ. ಬೇರೆ ಯಾವ ಪೇಷಂಟ್ ಆಗಿದ್ದರೂ ಪೆನ್ ಕೊಟ್ಟು, ನಿಮ್ಮ ಹೆಸರು ಬರೆಯಿರಿ ನೋಡೋಣ ಎನ್ನುತ್ತಿದ್ದೆ. ನಮ್ಮವರೆಂಬ ಸಲಿಗೆಯಲ್ಲಿ ತಮಾಷೆ ಮಾಡಿದೆ. ಕೇಳಬೇಕಾದ ಪ್ರಶ್ನೆ ಆ ತಮಾಷೆಯಲ್ಲೇ ಕಳೆದುಹೋಯಿತು.

ಶುಕ್ರವಾರ ಬೆಳಿಗ್ಗೆ ನಮ್ಮ ಅಧ್ಯಯನ ನಡೆಸುವ ಡಾಕ್ಟರ್ ಸಮೀರ್ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಕೂಗಾಡಲಿಲ್ಲ, ಕೂಗಾಡಿದ್ದರೆ ಚೆನ್ನಾಗಿತ್ತು. ತಾವು ಬೆರಳಿಗೆ ಪಿನ್ನು ಮುಟ್ಟಿಸಿ ಪರೀಕ್ಷೆ ಮಾಡಿದಾಗ ನೀವು ಪ್ರತಿ ಸಲವೂ ಸರಿಯಾಗಿ “ಯೆಸ್” ಎಂದಿದ್ದನ್ನು ನೆನಪಿಸಿಕೊಂಡರು. ಕಣ್ಣು ಮುಚ್ಚಿ ಎಂದರೆ ನೀವು ರೆಪ್ಪೆಯ ಸಂದಿಯಿಂದ ನೋಡುತ್ತಿದ್ದಿರಂತೆ, ಆಂಟಿ ಹೇಳಿದರು. ಅರವತ್ತೆಂಟು ವರ್ಷದ ಗಂಡಸು ಕಣ್ಣಾಮುಚ್ಚಾಲೆಯಲ್ಲಿ ಮೋಸ ಮಾಡುವುದೇ? ಸಮೀರ್‌ಗೆ ಅದನ್ನು ಹೇಳಿದಾಗ ಅವರು ಕನ್ನಡಕ ತೆಗೆದಿಟ್ಟು, “ಐ ಮಿಸ್ಡ್ ಇಟ್ ಟೂ” ಎಂದರು.

ಈಗ ಆಗಬೇಕಾದದ್ದು ಇಷ್ಟು. ಬುಧವಾರ ಸಮಿತಿ ಮತ್ತೆ ಸೇರುತ್ತದೆ. ಆಂಟಿ ಹೇಳಿದ್ದನ್ನು ಸಮೀರ್ ಬರೆದುಕೊಂಡಿದ್ದಾರೆ, ಆದರೆ ನಿಮ್ಮ ಅಂಕಿಯನ್ನು ತಿದ್ದಲು ನಿಮ್ಮ ಮಾತೇ ಬೇಕು. ಮಂಗಳವಾರ ಬೆಳಿಗ್ಗೆ ಹತ್ತು ಗಂಟೆಗೆ ಸಮೀರ್ ಅವರೇ ಫೋನ್ ಮಾಡಿ ಏಪ್ರಿಲ್‌ನ ಆ ನಾಲ್ಕು ವಾರಗಳ ಬಗ್ಗೆ ಕೇಳುತ್ತಾರೆ. ನಾನು ಆ ಕರೆಯಲ್ಲಿ ಇರುವುದಿಲ್ಲ. ನನ್ನನ್ನು ಸದ್ಯಕ್ಕೆ ಈ ಅಧ್ಯಯನದಿಂದ ದೂರವಿಟ್ಟಿದ್ದಾರೆ. ಆಮೇಲೆ ಏನಾಗುತ್ತದೋ ಗೊತ್ತಿಲ್ಲ, ಆದದ್ದಾಗಲಿ. ನನ್ನನ್ನು ಉಳಿಸಬೇಕೆಂಬ ಯೋಚನೆ ನಿಮ್ಮ ತಲೆಗೆ ಬಂದರೆ ಅದನ್ನು ಅಲ್ಲೇ ಬಿಡಿ, ಕೈ ಮುಗಿಯುತ್ತೇನೆ. ಈ ಕಾಗದವನ್ನು ಸಮೀರ್‌ಗೆ ಹೇಳಿಯೇ ಬರೆಯುತ್ತಿದ್ದೇನೆ. “ಏನು ಹೇಳಬೇಕೆಂದು ಅವರಿಗೆ ಹೇಳಿಕೊಡಬೇಡ” ಎಂದಿದ್ದಾರೆ. ಹೇಳಿಕೊಡುತ್ತಿಲ್ಲ. ಒಂದಾಗಿದ್ದರೆ ಒಂದೇ ಎನ್ನಿ.

ನೀವು ಮತ್ತೆ ಸುಳ್ಳೇ ಹೇಳಬಹುದೆಂಬ ಭಯ ನನಗಿದೆ. ಔಷಧಿ ನಿಮ್ಮಿಂದ ಸೋಲಬಾರದು ಎಂಬ ಹಟ ನಿಮ್ಮದು. ನಾನು ಗೋಡೆಯ ಕಥೆ ಹೇಳಿದಾಗ, “ನನಗಾಗದಿದ್ರೂ ಇನ್ನೊಬ್ರಿಗಾಗ್ಲಿ” ಎಂದವರು ನೀವು. ಅಂಕಲ್, ಮೂವತ್ತು ವರ್ಷ ಇದೇ ನ್ಯೂಜೆರ್ಸಿಯ ಮಾತ್ರೆ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿದವರು ನೀವೇ. ತೂಕದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬಂದ ಬ್ಯಾಚನ್ನು ತಿರಸ್ಕರಿಸಿದಿರಿ, ಮ್ಯಾನೇಜರ್ ನಿಮ್ಮ ಜೊತೆ ಆರು ತಿಂಗಳು ಮಾತು ಬಿಟ್ಟ ಎಂದು ನೀವೇ ಹೇಳಿದ್ದು. ಯಾರೋ ಕಾಣದವರ ಹೊಟ್ಟೆಗೆ ಹೋಗುವ ಮಾತ್ರೆ ಎಂದು ಅಂದು ಹೆದರಿದ್ದಿರಿ. ಇಂದು ನೀವೇ ಆ ಬ್ಯಾಚು. ನೀವು ಅನುಭವಿಸಿದ್ದನ್ನು ಇದ್ದಂತೆ ಹೇಳಿದರೆ ಔಷಧಿ ಸಾಯುವುದಿಲ್ಲ, ಒಂದು ಮೆಟ್ಟಿಲಲ್ಲಿ ಸ್ವಲ್ಪ ಕಾಲ ನಿಲ್ಲುತ್ತದೆ ಅಷ್ಟೇ.

ಇಷ್ಟು ಬರೆದು ಎದ್ದು ಹೋಗಿ ಪಾತ್ರೆ ತೊಳೆದೆ. ಇನ್ನೊಂದು ವಿಷಯ ಉಳಿದಿದೆ, ಅದನ್ನು ಬರೆಯದೆ ನಿಮ್ಮಿಂದ ನಿಜ ಕೇಳುವ ಮುಖ ನನಗಿಲ್ಲ. ಆಂಟಿ, ಈ ಭಾಗವನ್ನು ದಯವಿಟ್ಟು ನಿಧಾನವಾಗಿ ಓದಿ.

ಸುಳ್ಳು ಮೊದಲು ಹೇಳಿದವಳು ನಾನು. ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದ ದಿನ ಸಮೀರ್ ಅಂಕಿಅಂಶ ಹೇಳಲು ಬಂದಾಗ ನೀವು ಬೇಡ ಎಂದಿರಿ. ಲಿಫ್ಟಿನ ಹತ್ತಿರ ನಿಂತು ನನ್ನನ್ನು ಕನ್ನಡದಲ್ಲಿ ಕೇಳಿದಿರಿ: “ನನ್ನಂಥೋರು ಐದು ವರ್ಷ ಎಷ್ಟು ಜನ ಇರ್ತಾರಮ್ಮ?” ಡಾಕ್ಟರನ್ನೇ ಕೇಳಿ ಎನ್ನಬೇಕಿತ್ತು. “ನೂರಕ್ಕ ಹದಿಮೂರು ಮಂದಿರೀ” ಎಂದೆ. ನೀವು ಗೆಲುವಾದಿರಿ. “ಹದಿಮೂರು ಪರವಾಗಿಲ್ಲ, ನಮ್ ಕ್ಲಾಸಲ್ಲಿ ಅಷ್ಟೇ ಜನ ಫಸ್ಟ್ ಕ್ಲಾಸ್ ಬಂದಿದ್ದು” ಎಂದಿರಿ. ಆ ಹದಿಮೂರು ಈ ಕಾಯಿಲೆಯವರನ್ನೆಲ್ಲ ಒಟ್ಟಿಗೆ ಎಣಿಸಿದ ಲೆಕ್ಕ. ಬೇಗ ಗೊತ್ತಾಗಿ ಆಪರೇಷನ್ ಆದವರೂ ಅದರಲ್ಲಿದ್ದಾರೆ. ನಿಮ್ಮಂತೆ ಗೊತ್ತಾದ ದಿನವೇ ಲಿವರಿಗೆ ಹರಡಿದ್ದವರಲ್ಲಿ ನೂರಕ್ಕೆ ಮೂರು. ನನಗೆ ಗೊತ್ತಿತ್ತು. ನಿಮ್ಮ ಮುಖ ನೋಡಿ ಆ ಮೂರು ನನ್ನ ಬಾಯಿಗೆ ಬರಲಿಲ್ಲ.

ಏಪ್ರಿಲ್‌ನಲ್ಲಿ ಮೈಸೂರಿಗೆ ಹೋಗಿ ಅಕ್ಕನನ್ನು ನೋಡಿ ಬರಬೇಕೆಂದು ನೀವು ಟಿಕೆಟ್ ಮಾಡಿಸಿದ್ದಿರಿ, ಪ್ರಯೋಗಕ್ಕೆ ಸೇರಿದ ಮೇಲೆ ರದ್ದು ಮಾಡಿದಿರಿ ಎಂದು ಆಂಟಿ ಗುರುವಾರವೇ ಹೇಳಿದರು. ಚಳಿಗಾಲಕ್ಕೆ ಹೋದರಾಯಿತು, ಟೈಮಿದೆ ಎಂದಿರಂತೆ. ಆ ಟೈಮು ಕೊಟ್ಟವಳು ನಾನು. ನೂರಕ್ಕೆ ಮೂರು ಎಂದು ಹೇಳಿದ್ದರೆ ನೀವು ವಿಮಾನ ಹತ್ತುತ್ತಿದ್ದಿರೋ ಏನೋ. ಈಗ ನೀವು ಮಂಚದಿಂದ ಬಾತ್‌ರೂಮಿಗೆ ಹೋಗುವುದೂ ಕಷ್ಟ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ನನಗೆ ತಿಳಿಯದು. ಬೈದರೆ ಬೈಸಿಕೊಳ್ಳುತ್ತೇನೆ, ಬಾಗಿಲು ತೆಗೆಯದಿದ್ದರೆ ಹೊರಗೆ ನಿಂತಿರುತ್ತೇನೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಯಿಸಬಾರದೆಂದು ಇದನ್ನೆಲ್ಲ ಮಾಡಿದೆವು.

ಬರುವ ಗುರುವಾರ ಬೆಳಿಗ್ಗೆ ನಮ್ಮ ಆಸ್ಪತ್ರೆಗೆ ಒಬ್ಬರು ಬರುತ್ತಾರೆ. ಮೇಲಿನ ಮೆಟ್ಟಿಲಿಗೆ ಮೊದಲನೆಯವರು. ಅವರ ಹೆಸರು, ಊರು, ವಯಸ್ಸು ಯಾವುದನ್ನೂ ನಾನು ಹೇಳುವಂತಿಲ್ಲ. ಹೋದ ವಾರ, ಆಂಟಿಯ ಫೋನ್ ಬರುವ ಎರಡು ದಿನ ಮುಂಚೆ, ಅವರು ಸಹಿ ಹಾಕುತ್ತಾ ನನ್ನನ್ನು ಒಂದೇ ಪ್ರಶ್ನೆ ಕೇಳಿದರು. ನನಗಿಂತ ಮೊದಲು ತೆಗೆದುಕೊಂಡವರು ಹೇಗಿದ್ದರು ಎಂದು. ನಾನು ನಿಮ್ಮನ್ನೇ ನೆನೆದು, ನಿಮ್ಮ ನಗು ಕಣ್ಣ ಮುಂದೆ ಇಟ್ಟುಕೊಂಡು, “ಚೆನ್ನಾಗಿ ತಡೆದುಕೊಂಡರು” ಎಂದೆ. ಅವರು ನಂಬಿದರು. ಬುಧವಾರ ಸಮಿತಿಯ ಮುಂದೆ ನಿಮ್ಮ ಅಂಕಿ ಒಂದೇ ಆಗಿ ಉಳಿದರೆ, ಗುರುವಾರ ಅವರ ಕೈಗೆ ಹೆಚ್ಚಿನ ಪ್ರಮಾಣದ ಕ್ಯಾಪ್ಸೂಲ್ ಹೋಗುತ್ತದೆ.

ನಾಳೆ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಈ ಕಾಗದವನ್ನು ನಿಮ್ಮ ಬಾಗಿಲಲ್ಲಿ ಇಟ್ಟು ಹೋಗುತ್ತೇನೆ. ಬೆಲ್ ಮಾಡುವುದಿಲ್ಲ. ಆಂಟಿ, ಮಂಗಳವಾರ ಹತ್ತು ಗಂಟೆಗೆ ಫೋನನ್ನು ಅಂಕಲ್ ಕಿವಿಯ ಹತ್ತಿರ ಹಿಡಿಯಿರಿ. ಅವರು ಹೇಳುವುದನ್ನು ಅವರೇ ಹೇಳಲಿ.

ಅಂಕಲ್, ನಿಮ್ಮ ನೋವು ಕಡಿಮೆಯಾಗಲಿ ಎಂದು ದೇವರನ್ನು ದಿನವೂ ಕೇಳುತ್ತೇನೆ. ನಿಮ್ಮನ್ನು ಮಾತ್ರ, ಅದು ಎಷ್ಟಿತ್ತೋ ಅಷ್ಟನ್ನೇ ಹೇಳಿ ಎಂದು ಕೇಳುತ್ತಿದ್ದೇನೆ.

ನಿಮ್ಮಿಬ್ಬರ ಕಾಲಿಗೆ ಬಿದ್ದು,
ರಜನಿ