ಉಂಡಿ ತಿಂದು ರೋಗ ಹೇಳಿದ ಆಸ್ಪತ್ರೆಗೆ

ಮಾನ್ಯ ಆಸ್ಪತ್ರೆಯ ಮುಖ್ಯಾಧಿಕಾರಿಗಳೇ,

ನನ್ನ ಮಗಳ ಮಿದುಳು ಸಕ್ಕರೆಯಿಲ್ಲದೆ ಹಸಿದಿದ್ದಾಗ ನಿಮ್ಮವರು ನನ್ನ ಅತ್ತೆಯ ಅಡುಗೆಯನ್ನು ದೂರುತ್ತಿದ್ದರು. ಇಂಗ್ಲಿಷಿನಲ್ಲಿ ದೂರು ಕೊಟ್ಟಾಗ "ಪಾಠ ಕಲಿತಿದ್ದೇವೆ" ಎಂದಿರಿ. ಯಾವ ಪಾಠವೆಂದು ತಿಳಿಸಲಿಲ್ಲ. ಅದಕ್ಕೇ ಈಗ ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಅನುವಾದದ ಕಷ್ಟ ಈ ಸಲ ನಿಮಗಿರಲಿ.

1998ರಲ್ಲಿ ಸಾನ್ವಿ ಹುಟ್ಟಿದಾಗ ದೊಡ್ಡ ಕೂಸು. ನಾಲಿಗೆ ಬಾಯಲ್ಲಿ ಹಿಡಿಯುತ್ತಿರಲಿಲ್ಲ, ಹೊಕ್ಕುಳು ಉಬ್ಬಿತ್ತು, ರಕ್ತದಲ್ಲಿ ಸಕ್ಕರೆ ಇಳಿದಿತ್ತು. ನನ್ನ ಬಸಿರಿನಲ್ಲೇ ಧಾರವಾಡದಿಂದ ಇಂಗ್ಲಿಷರ ಈ ನಾಡಿಗೆ ಬಂದಿದ್ದ ಅತ್ತೆ ಚನ್ನಬಸವ್ವ, ನಮ್ಮ ಕಡೆಯ ಪದ್ಧತಿಯಂತೆ, ಬಾಣಂತಿಗೆಂದು ಬೆಲ್ಲ ಹಾಕಿ ಕಟ್ಟಿದ ಅಂಟಿನುಂಡಿಯನ್ನು ವಾರ್ಡಿಗೆಲ್ಲ ಹಂಚಿದರು. ನಿಮ್ಮ ಡಾಕ್ಟರು ಒಂದನ್ನು ಬಾಯಿಗೆ ಹಾಕಿಕೊಂಡು, ಡಬ್ಬಿಯತ್ತ ಬೆರಳು ತೋರಿಸಿ ನಕ್ಕರು: "ಗುಟ್ಟು ಗೊತ್ತಾಯಿತು! ಏಷ್ಯನ್ ತಾಯಂದಿರಿಗೆ ಡಯಾಬಿಟಿಸ್ ಇರುತ್ತದೆ. ಅದಕ್ಕೇ ಮಗುವಿಗೆ ಸಕ್ಕರೆ ಇಳಿಸುವ ಇನ್ಸುಲಿನ್ ಜಾಸ್ತಿ. ತಾನಾಗಿ ಸರಿಹೋಗುತ್ತದೆ." ಹೆರಿಗೆಯಾದ ಮೇಲೆ ತಿನ್ನುವ ಉಂಡಿ ಹುಟ್ಟುವ ಮೊದಲೇ ಕೂಸನ್ನು ಹೇಗೆ ಕೆಡಿಸಿತೋ, ನಿಮ್ಮ ವಿಜ್ಞಾನವೇ ಹೇಳಬೇಕು. ಬಸಿರಿನಲ್ಲಿ ಪರೀಕ್ಷಿಸಿ ನನಗೆ ಡಯಾಬಿಟಿಸ್ ಇಲ್ಲವೆಂದವರೂ ನೀವೇ. ಅದನ್ನೂ ಹೇಳಿದೆ. ಬಾಣಂತಿಯ ಮಾತು ಯಾರಿಗೆ ಬೇಕು? ಗ್ಲೂಕೋಸ್ ಕೊಟ್ಟು ಒಮ್ಮೆ ಸಕ್ಕರೆ ಏರಿದ್ದೇ ತಡ, ಮನೆಗೆ ಕಳುಹಿಸಿದಿರಿ. ಹಾಲಿಗೂ ಏಳದೆ ಮಲಗಿದ ಮಗುವನ್ನು ನರ್ಸ್ "ಗುಡ್ ಬೇಬಿ" ಎಂದು ಮೆಚ್ಚಿಕೊಂಡರು.

ಹೇಸ್‌ನ ನಮ್ಮ ಬಾಡಿಗೆ ಮನೆಯಲ್ಲಿ ಆ ಗುಡ್ ಬೇಬಿಗೆ ಫಿಟ್ಸ್ ಬಂತು. ಬೇರೆ ಆಸ್ಪತ್ರೆಯ ಮಕ್ಕಳ ತಜ್ಞೆ ನಾಲಿಗೆ, ಹೊಕ್ಕುಳು, ಕಿವಿಯ ಮೇಲಿನ ಗೆರೆ ನೋಡಿ, ಇದು ಹುಟ್ಟಿನಿಂದಲೇ ಬಂದ ಸಿಂಡ್ರೋಮ್, ಮಗುವಿನ ಮೇದೋಜ್ಜೀರಕವೇ ಇನ್ಸುಲಿನ್ ಸುರಿಯುತ್ತಿದೆ ಎಂದರು. ಔಷಧಿ ಇತ್ತು, ಹೊತ್ತು ಮೀರಿತ್ತು; ಮಿದುಳಿಗೆ ಪೆಟ್ಟು ಬಿದ್ದಿತ್ತು. ಅಪರೂಪದ ರೋಗ, ತಿಳಿಯಲಿಲ್ಲ ಎನ್ನುತ್ತೀರಿ. ರೋಗದ ಹೆಸರು ತಿಳಿಯದಿದ್ದರೆ ಬೇಡ ಸ್ವಾಮಿ, ಹಿಮ್ಮಡಿ ಚುಚ್ಚಿ ಇನ್ನೆರಡು ಸಲ ಸಕ್ಕರೆ ನೋಡುವುದೂ ಅಪರೂಪವೇ? ಹೊರಚಾಚಿದ ನಾಲಿಗೆಗಿಂತ ನನ್ನ ಮೈಬಣ್ಣವೇ ಎದ್ದು ಕಂಡಿತೇ?

ಸಾನ್ವಿಗೆ ಈಗ ಐದು ವರ್ಷ. ಒರಗಿ ಕೂರುತ್ತಾಳೆ, ನಗುತ್ತಾಳೆ. ಅವ್ವಾ ಎನ್ನುವುದಿಲ್ಲ. ಅತ್ತೆಗೆ ಇಂಗ್ಲಿಷ್ ಬಾರದು, ಆದರೆ ಡಾಕ್ಟರ ಬೆರಳು ಅರ್ಥವಾಗಿತ್ತು. ಮೊಮ್ಮಗಳ ಬಾಯಿ ಒರೆಸುತ್ತ ಇಂದಿಗೂ ಕೇಳುತ್ತಾರೆ: "ಬಸಿರಾಗ ನಾ ತಿನ್ನಿಸಿದ ಸಿಹಿನ ಕೂಸಿಗೆ ಮುಳುವಾತೇನವಾ?" ಅಲ್ಲ ಅತ್ತಿ, ಎಂದರೆ, "ಅಷ್ಟ ದೊಡ್ಡ ಡಾಕ್ಟರು ಸುಳ್ಳ ಯಾಕ ಹೇಳ್ತಾರ?" ಎನ್ನುತ್ತಾರೆ.

ಸಕ್ಕರೆ ಇಳಿದ ಕೂಸನ್ನು, ಸಕ್ಕರೆ ಮತ್ತೆ ಇಳಿಯದೆ ನಿಲ್ಲುವ ತನಕ, ಮನೆಗೆ ಕಳುಹಿಸಬೇಡಿ. ತಾಯಿಯ ಊರು ಆಮೇಲೆ ಕೇಳಿ. ಮತ್ತೆ, ಆ ಡಾಕ್ಟರನ್ನು ನಮ್ಮ ಮನೆಗೆ ಕಳುಹಿಸಿ. ಚನ್ನಬಸವ್ವನ ಎದುರು ಕುಳಿತು "ತಪ್ಪು ನಿಮ್ಮದಲ್ಲ, ನನ್ನದು" ಎನ್ನಲಿ. ಅವರಿಗೆ ವಯಸ್ಸಾಗಿದೆ. ಬೇಗ ಕಳುಹಿಸಿ.

ಇಂತಿ,
ನೀವೂ ನಂಬದ, ಅತ್ತೆಯೂ ನಂಬದ
ಶ್ರೀಲತಾ
ಹೇಸ್, 2003