ಹೊಳೆವ್ವನ ಮೊಮ್ಮಗಳು

ದೊಡ್ಡನೆಕ್ಕುಂದಿ
ಶನಿವಾರ, 15 ನವೆಂಬರ್ 2025

ಪ್ರೀತಿಯ ರಕ್ಷಿತಾ,

ಹೇಗಿದ್ದೀಯ ಎಂದು ಕೇಳುವ ಮುಖ ನನಗಿಲ್ಲ. ಆದರೂ ಕೇಳುತ್ತೇನೆ, ಜ್ವರ ಪೂರ್ತಿ ಬಿಟ್ಟಿತೇ? ಬೊಮ್ಮಸಂದ್ರದ ಪಿ.ಜಿ.ಯಲ್ಲಿ ನಿನ್ನ ಗೆಳತಿ ಶರಣ್ಯಳ ಮಂಚದ ಮೇಲೆ ಇಬ್ಬರೂ ಒತ್ತಿಕೊಂಡು ಮಲಗುತ್ತೀರಿ ಎಂದು ತಿಳಿಯಿತು.

ಸೋಮವಾರ ನೀನು ನಮ್ಮ ಆಫೀಸಿಗೆ ಬಂದು, ಮಕ್ಕಳ ಮನೆಯಿಂದ ಹೊರಡುವಾಗ ನಾವು ಕೊಟ್ಟಿದ್ದ ಕುಕ್ಕರನ್ನು ಮೇಜಿನ ಮೇಲಿಟ್ಟೆ. "ಇಡೋಕೆ ಜಾಗ ಇಲ್ಲ ಮೇಡಂ" ಎಂದೆ. ಮೂರು ವರ್ಷ ಬಾಯ್ತುಂಬ ಅಕ್ಕ ಎಂದವಳು ನೀನು. ನಿನ್ನ ಓನರ್ ಕಮಲಮ್ಮ ಫೋನ್ ಮಾಡಿದಾಗ ಮೀಟಿಂಗಿನಲ್ಲಿದ್ದೆ, ಸರಿಯಾಗಿ ಕೇಳಿಸಲಿಲ್ಲ ಎಂದೆ ನಾನು. ನೀನು ತಲೆಯಾಡಿಸಿ ಹೊರಟೆ.

ನಾನು ಮೀಟಿಂಗಿನಲ್ಲಿರಲಿಲ್ಲ. ಚೆನ್ನಾಗಿಯೇ ಕೇಳಿಸಿತ್ತು.

ಮೊದಲಿನಿಂದ ಹೇಳಿದರೇ ನನ್ನ ಬಾಯಿಗೆ ಮಾತು ಬರುವುದು, ತಾಳಿಕೋ. ಹದಿನೆಂಟು ತುಂಬಿ ಅನಾಥಾಶ್ರಮದಿಂದ ಹೊರಬೀಳುವ ಮಕ್ಕಳಿಗೆ ತಾವೇ ಬದುಕುವುದನ್ನು ಕಲಿಸುವುದು ನನ್ನ ಕೆಲಸ. ಬಾಡಿಗೆ ಮನೆಯ ಪಾಠ ಬಂದಾಗ ನಾನೇ ಓನರಮ್ಮ ಆಗುತ್ತಿದ್ದೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕನ್ನಡಕ ಮೂಗಿನ ತುದಿಗಿಳಿಸಿ, "ಯಾವೂರಮ್ಮ? ಯಾವ ಪೈಕಿ? ಅಪ್ಪ ಏನ್ಮಾಡ್ತಾರೆ?" ಎಂದು ಗದರುತ್ತಿದ್ದೆ. ನೀವೆಲ್ಲ ಬಿದ್ದು ಬಿದ್ದು ನಗುತ್ತಿದ್ದಿರಿ. ನಿಜ ಹೇಳಿ, ತಲೆ ಎತ್ತಿ ಹೇಳಿ ಎಂಬುದೇ ಪಾಠ. ಆದರೆ ಜಿಗಣಿಯಲ್ಲಿ ನೀನು ನಿಜ ಹೇಳಿದ ಮನೆಗಳೆಲ್ಲ ಬಾಗಿಲು ಮುಚ್ಚಿದವು. ಕಮಲಮ್ಮನ ಮನೆಗೆ ಹೋಗುವ ಮುನ್ನ ನಾನೇ ನಿನಗೊಂದು ಊರು ಕೊಟ್ಟೆ. ರಾಣೇಬೆನ್ನೂರಿನ ಆಚೆಯ ನನ್ನ ಬಸಾಪುರವನ್ನೇ ಕೊಟ್ಟೆ. ನನ್ನ ಹೆತ್ತವ್ವ ಹೊಳೆವ್ವನನ್ನು ನಿನಗೆ ಅಜ್ಜಿ ಮಾಡಿದೆ, ನಾನು ಚಿಕ್ಕಮ್ಮನಾದೆ.

"ಒಂದು ಬಾವಿ, ಒಂದು ಅಜ್ಜಿ, ಒಂದು ಎಮ್ಮೆ ಇದ್ರೆ ಸಾಕು ಕಣೇ, ಯಾರೂ ಮುಂದಕ್ಕೆ ಕೇಳಲ್ಲ" ಎಂದಿದ್ದೆ. ನೀನೋ, ಕತೆಯಲ್ಲಿ ಆ ಎಮ್ಮೆಯ ಒಂದು ಕಣ್ಣು ಕುರುಡು ಮಾಡಿ, ಅದು ಅಜ್ಜಿಯ ಬಳೆಯ ಸದ್ದು ಹಿಡಿದು ಮನೆಗೆ ಬರುವಂತೆ ಮಾಡಿದೆ. ಕಮಲಮ್ಮ ದಿನಾ ಸಂಜೆ ಮೆಟ್ಟಿಲ ಮೇಲೆ ಅವರೆಕಾಯಿ ಸುಲಿಯುತ್ತ ಆ ಕತೆ ಹೇಳಿಸಿಕೊಳ್ಳುತ್ತಿದ್ದರಂತೆ. ನನಗೆ ಹೆಮ್ಮೆಯಾಗಿತ್ತು. ಆಫೀಸಿನ ಗೋಡೆಗೆ 'ಸ್ವಂತ ಕಾಲ ಮೇಲೆ ನಿಂತ ರಕ್ಷಿತಾ' ಎಂದು ನಿನ್ನ ಫೋಟೊ ಹಾಕಿಸಿದೆ.

ಎರಡು ವಾರದ ಹಿಂದೆ, ಫೋನ್ ಬಂದ ಭಾನುವಾರ, ನನ್ನ ಮಗಳು ನಿವೇದಿತಾಳನ್ನು ನೋಡಲು ದಾವಣಗೆರೆಯವರು ಬಂದಿದ್ದರು. ನನ್ನ ಕೈಯಲ್ಲಿ ಕೇಸರಿಬಾತಿನ ತಟ್ಟೆ. ಕಮಲಮ್ಮನ ಗಂಟಲು ನಿನಗೇ ಗೊತ್ತು, ಇಡೀ ಹಾಲಿಗೆ ಕೇಳಿಸಿತು: "ರಕ್ಷಿತಾ ಚಿಕ್ಕಮ್ಮನಾ? ಮಗೀಗೆ ಮೈ ಕೆಂಡ ಆಗದೆ ಕಣಮ್ಮ. ಎದ್ದೇಳಾಕೇ ಆಯ್ತಿಲ್ಲ. ನೀವು ಬನ್ನಿ, ಇಲ್ಲಾಂದ್ರೆ ಅವಳ ಅಜ್ಜಿನಾದ್ರೂ ಕಳಿಸಿ."

ಹುಡುಗನ ತಾಯಿ ಹುಬ್ಬೇರಿಸಿದರು. "ನಿಮಗ ಅಕ್ಕ-ತಂಗೇರು ಯಾರೂ ಇಲ್ಲ ಅಂದಿದ್ರಲ್ರೀ? ಇದ್ಯಾವ ಮಗಳು?"

ನಾನು ಆಕೆಯ ಮುಖ ನೋಡುತ್ತಲೇ ಫೋನಿಗೆ ಹೇಳಿದೆ: "ನಾನ್ಯಾರ ಚಿಕ್ಕಮ್ಮನೂ ಅಲ್ಲ ಕಣ್ರೀ. ಅದು ಆಶ್ರಮದ ಹುಡುಗಿ, ನಮ್ಮವಳಲ್ಲ. ನಾಳೆ ಆಫೀಸಿಗೆ ಫೋನ್ ಮಾಡಿ."

ಆಮೇಲೆ ಎಲ್ಲರಿಗೂ ಇನ್ನೊಂದು ಚಮಚ ಕೇಸರಿಬಾತ್ ಬಡಿಸಿದೆ. ಸಂಬಂಧ ಕೂಡಿತು. ಅದನ್ನು ನಿನಗೆ ಬರೆಯಲೂ ನಾಚಿಕೆ.

ಕಮಲಮ್ಮ ಜ್ವರ ಬಿಡುವ ತನಕ ನಿನಗೆ ಗಂಜಿ ಕಾಯಿಸಿ ಕೊಟ್ಟು, ಬಿಟ್ಟ ಮಾರನೆಯ ದಿನ ರೂಮು ಖಾಲಿ ಮಾಡಿಸಿದರು. ಗುರುವಾರ ನಾನು ಅವರ ಮನೆಗೆ ಹೋಗಿದ್ದೆ. ಕೂತ್ಕಳಿ ಎನ್ನಲಿಲ್ಲ. ಸುಳ್ಳು ಕಲಿಸಿದವಳು ನಾನು, ಅವಳ ತಪ್ಪಿಲ್ಲ ಎಂದೆ. ರೂಮಿಗೆ ಆಗಲೇ ಬೇರೆಯವರು ಬಂದಿದ್ದರು. ಕಮಲಮ್ಮ ಒಂದೇ ಕೇಳಿದರು: "ಆ ಅಜ್ಜಿನೂ ಸುಳ್ಳೇನಾ?" ಇಲ್ಲ, ಇದ್ದಾಳೆ ಎಂದೆ. "ಇದ್ದೂ ಬರ್ನಿಲ್ವಾ?" ಎಂದು ಒಳಗೆ ಹೋಗಿಬಿಟ್ಟರು.

ನಿನ್ನ ಫೋಟೊ ಗೋಡೆಯಿಂದ ತೆಗೆಸಿದ್ದೇನೆ. ಅದನ್ನು ತೋರಿಸಿಕೊಳ್ಳಲು ನಾನು ಯೋಗ್ಯಳಲ್ಲ. ಕುಕ್ಕರ್ ನನ್ನ ಮೇಜಿನ ಮೇಲೇ ಇದೆ. ಅದನ್ನಿಡಲು ಒಂದು ಒಲೆ ಸಿಗುವ ತನಕ ನಿನ್ನ ಜೊತೆ ನಾನೇ ಮನೆ ಮನೆ ತಿರುಗುತ್ತೇನೆ. ಈ ಸಲ ನಿಜವನ್ನೇ ಹೇಳೋಣ. ಬಾಗಿಲು ಮುಚ್ಚಿದರೆ ಇಬ್ಬರ ಮುಖದ ಮೇಲೂ ಮುಚ್ಚಲಿ. ಬೇಡ ಎಂದರೆ ಅದಕ್ಕೂ ತಲೆಬಾಗುತ್ತೇನೆ.

ನಿನ್ನ ಅಕ್ಕ ಎನಿಸಿಕೊಳ್ಳಲಾರದೆ ಹೋದ,
ಹೇಮಲತಾ

ಮರೆತ ಮಾತು: ಮರೆತಿರಲಿಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆ ಭಾನುವಾರ, ಊರಿಂದ ಬಂದಿದ್ದ ಅವ್ವ ನನ್ನ ಪಕ್ಕದಲ್ಲೇ ಕೂತಿದ್ದಳು. ಅವಳಿಗೆ ಕಿವಿ ಮಂದ. ನನ್ನ ಮುಖ ನೋಡಿ, "ಯಾರದವಾ ಫೋನು?" ಎಂದಳು. ರಾಂಗ್ ನಂಬರ್ ಎಂದುಬಿಟ್ಟೆ. ನಿನ್ನೆ ಅವಳಿಗೆ ನಿನ್ನ ವಿಷಯ ಹೇಳಿದೆ, ಆ ಫೋನಿನ ವಿಷಯ ಮಾತ್ರ ಹೇಳಲಾಗಲಿಲ್ಲ. "ನನಗ ಇಷ್ಟು ದೊಡ್ಡ ಮೊಮ್ಮಗಳು ಅದಾಳ ಅಂತ ಈಗ ಹೇಳ್ತಿಯೇನು?" ಎಂದು ಬೈದು, ಈಗ ರೊಟ್ಟಿ ಕಟ್ಟುತ್ತಿದ್ದಾಳೆ. ಊರಿನ ಎಮ್ಮೆಯ ಎರಡೂ ಕಣ್ಣು ನೆಟ್ಟಗಿವೆ ಎಂದು ನಿನಗೆ ಹೇಳಬೇಕಂತೆ. ನಾಳೆ ಈ ಪತ್ರ ತರುವವಳು ಅವಳೇ. ನಾನು ಪಿ.ಜಿ. ಗೇಟಿನ ಹೊರಗೆ ನಿಂತಿರುತ್ತೇನೆ. ಅವಳಿಗೆ ಓದು ಬಾರದು, ಏನು ಬರೆದಾಳ ಎಂದು ಕೇಳಿಯೇ ಕೇಳುತ್ತಾಳೆ. ಒಂದು ಸಾಲೂ ಬಿಡದೆ ಓದು. ಗಟ್ಟಿಯಾಗಿ ಓದು, ಗೇಟಿನ ತನಕ ಕೇಳಿಸಲಿ.