ನವಲಗುಂದಕ್ಕೆ ಹಾರಿದ ನಮ್ಮ ಉದ್ಘಾಟನೆ

ಕೃಷಿ ಇಲಾಖೆಯ ಮಾನ್ಯ ನಿರ್ದೇಶಕರೇ,

ತಾವು ನಮ್ಮ ಕಾರ್ಯಾಗಾರಕ್ಕೆ ಬರಲಿಲ್ಲ. ಅದನ್ನು ಕ್ಷಮಿಸಬಲ್ಲೆ. ಆದರೆ ಅದೇ ದಿನ ತಾವು ಮಹಾನಂದಾಳ ಕಾರ್ಯಾಗಾರಕ್ಕೆ ಹೋದಿರಿ. ಅದಕ್ಕಾಗಿ ಈ ಪತ್ರವನ್ನು ಊರೆಲ್ಲ ಓದಲೆಂದು ಬರೆಯುತ್ತಿದ್ದೇನೆ. ಇದನ್ನು ಹೊಟ್ಟೆಕಿಚ್ಚು ಎನ್ನುವವರಿದ್ದಾರೆ. ಅವರ ಮಾತು ಸುಳ್ಳಲ್ಲ.

ನಾನು ಕುಂದಗೋಳದ ಒಂದು ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತೇನೆ. ಮಹಾನಂದಾ ನವಲಗುಂದದಲ್ಲಿ ಅದನ್ನೇ ಕಲಿಸುತ್ತಾಳೆ. ಎಂ.ಎಸ್ಸಿ. ಓದುವಾಗ ಇಬ್ಬರೂ ಒಂದೇ ಬೆಂಚಿನವರು. ಅವಳಿಗೆ ಚಿನ್ನದ ಪದಕ ಬಂತು. ಅವಳು ಅದನ್ನು ಹಾಕಿಕೊಂಡು ನಿಂತಾಗ ಫೋಟೊ ತೆಗೆಯುವ ಭಾಗ್ಯ ನನಗೆ ಬಂತು.

ಈ ಸೆಪ್ಟೆಂಬರಿನಲ್ಲಿ, ಕಡಲೆ ಬಿತ್ತನೆಗೆ ಮುಂಚೆ, ಸುಸ್ಥಿರ ಕೃಷಿಯ ಹೊಸ ಪ್ರಯೋಗಗಳ ಬಗ್ಗೆ ನಮ್ಮ ತಾಲೂಕಿನ ಸಂಶಿಯಲ್ಲಿ ಒಂದು ದಿನದ ಸಣ್ಣ ಕಾರ್ಯಾಗಾರ ಏರ್ಪಡಿಸಿದೆ. ರೈತರೂ ಅಧ್ಯಾಪಕರೂ ಎದುರುಬದುರು ಕೂತು ಮಾತಾಡಲಿ ಎಂಬುದಷ್ಟೇ ಆಸೆ. ತಾವು ಉದ್ಘಾಟನೆಗೆ ಒಪ್ಪಿದಿರಿ, ಬೆಳೆರೋಗ ತಜ್ಞರನ್ನೂ ಕರೆತರುವುದಾಗಿ ಹೇಳಿದಿರಿ. ಬ್ಯಾನರಿನಲ್ಲಿ ತಮ್ಮ ಹುದ್ದೆಯನ್ನು ಕಾರ್ಯಾಗಾರದ ವಿಷಯಕ್ಕಿಂತ ದೊಡ್ಡ ಅಕ್ಷರದಲ್ಲಿ ಬರೆಸಿದೆ. ಹಸೀನಾಬಿ ಮತ್ತು ಅವರ ಸ್ವಸಹಾಯ ಸಂಘದ ಹೆಂಗಸರು ನಸುಕಿನಲ್ಲೇ ರೊಟ್ಟಿ ಬಡಿಯಲು ಕೂತರು.

ಜನ ಸೇರಿದ ಮೇಲೆ ತಮ್ಮ ಆಪ್ತ ಸಹಾಯಕರ ಫೋನ್ ಬಂತು.

"ಮೇಡಂ, ಸಾಹೇಬ್ರು ನವಲಗುಂದಕ್ಕ ಹೊಂಟಾರ್ರಿ. ಅಲ್ಲಿ ಡ್ರೋನ್ ಐತ್ರಿ."

"ತಜ್ಞರನ್ನಾದ್ರೂ ಕಳಸ್ರಿ."

"ಅವರೂ ಅದ ಗಾಡ್ಯಾಗ ಅದಾರ್ರಿ."

ನಿಜ, ನಮ್ಮಲ್ಲಿ ಡ್ರೋನ್ ಇರಲಿಲ್ಲ. ಆದರೂ ತಿಳಿಯದೆ ಕೇಳುತ್ತೇನೆ: ಕೃಷಿಯು ತಮ್ಮ ಕಣ್ಣಿಗೆ ಬೀಳಬೇಕಾದರೆ ನೆಲದಿಂದ ಎಷ್ಟು ಎತ್ತರದಲ್ಲಿರಬೇಕು?

ಸುದ್ದಿ ತಿಳಿದದ್ದೇ ತಡ, ನಮ್ಮ ಸಭೆಯ ಅಧ್ಯಕ್ಷತೆ ವಹಿಸಬೇಕಿದ್ದ ಕುಬೇರಪ್ಪನವರು ಎದ್ದು ನಿಂತರು. "ತಪ್ಪ ತಿಳ್ಕೋಬ್ಯಾಡ್ರಿ ಮೇಡಂ. ಡ್ರೋನ್ ನಾ ಇನ್ನೂ ನೋಡಿಲ್ರಿ." ಅವರ ಜೀಪಿನಲ್ಲಿ ನಮ್ಮ ಮೊದಲ ಸಾಲೇ ಹೋಯಿತು. ನಾನು ಬಾಗಿಲಲ್ಲಿ ನಿಂತೇ ಇದ್ದೆ. ಹಸೀನಾಬಿ ಪಕ್ಕಕ್ಕೆ ಬಂದು, "ಹೋದವರು ಹೋಗ್ಲಿ ಬಿಡವಾ. ಕುಂತವರನ್ನ ಮಾತಾಡ್ಸು," ಎಂದರು.

ಉಳಿದವರು ಕುರ್ಚಿಗಳನ್ನು ಎಳೆದುಕೊಂಡು ದುಂಡಗೆ ಕೂತೆವು. ಸಂಜೆಯವರೆಗೂ ಮಾತು ನಡೆಯಿತು. ಸಂಶಿಯ ರೇವವ್ವ ಕಡಲೆಯ ನಡುವೆ ಕೊತ್ತಂಬರಿ ಸಾಲು ಹಾಕಿ, ಔಷಧ ಹೊಡೆಯದೆ ಬೆಳೆಯುತ್ತಿರುವಾಕೆ. ಆಕೆಯನ್ನು ನೋಡಿ ನೆರೆಯ ಹೊಲದವರೂ ಹಾಗೆಯೇ ಮಾಡಲು ಹೊರಟಿದ್ದಾರೆ. ಆಕೆ ಎದ್ದು ಕೇಳಿದಳು:

"ಕೊತ್ತಂಬರಿ ಹಾಕಿದ ಮ್ಯಾಲೆ ಕಾಯಿಕೊರಕ ಹುಳ ಅಗದಿ ಕಡಿಮಿ ಆತ್ರಿ. ಆದ್ರ ಹೋದ ವರ್ಷ ಸೊರಗು ರೋಗ ಹೆಚ್ಚಾತು. ಇದು ಕೊತ್ತಂಬರಿ ದೆಸಿಂದನೋ, ನೆಲದ ದೆಸಿಂದನೋ?"

"ನೆಲದಾಗಿನ ಶಿಲೀಂಧ್ರ ಇರಬಹುದು," ಎಂದೆ.

"ಇರಬಹುದು ಅಂದ್ರ ಹೆಂಗ್ರಿ? ನಾ ಹಂಗ ಬಿತ್ತಲೋ, ಬ್ಯಾಡೋ?"

ನನ್ನ ಓದು ಅಲ್ಲಿಗೆ ಮುಗಿದಿತ್ತು. ಉತ್ತರ ಬಲ್ಲವರು ತಮ್ಮ ಗಾಡಿಯಲ್ಲಿ ನವಲಗುಂದದ ದಾರಿ ಹಿಡಿದಿದ್ದರು. ರೇವವ್ವ, "ಹಂಗಾರ ಈ ಸಲ ಕೊತ್ತಂಬರಿ ಬಿಟ್ಟು ಮತ್ತ ಔಷಧಾನ ಹೊಡೀತೀನ್ರಿ," ಎಂದು ಕೂತಳು. ಅವಳ ನೆರೆಯವರೂ ತಲೆಯಾಡಿಸಿದರು. ಔಷಧದ ಗೀಳು ಬಿಡಿಸಲು ಒಂದು ವರ್ಷದಿಂದ ನಾನು ಓಡಾಡಿ ಕಟ್ಟಿದ್ದು ಆ ತಲೆಯಾಡಿಸುವಿಕೆಯಲ್ಲಿ ಕುಸಿಯಿತು.

ಮರುದಿನದ ಪತ್ರಿಕೆಯಲ್ಲಿ ತಾವಿದ್ದಿರಿ, ಕೈಯಲ್ಲಿ ರಿಮೋಟ್. ಪಕ್ಕದಲ್ಲಿ ಇಳಕಲ್ ಸೀರೆಯುಟ್ಟು ನಗುತ್ತಿದ್ದ ಮಹಾನಂದಾ. ಸೀರೆಯೂ ಚೆನ್ನಾಗಿತ್ತು, ಅದಕ್ಕಾಗಿ ಬೇರೆಯೇ ಸಂಕಟಪಟ್ಟೆ. ಸಂಜೆ ಅವಳೇ ಫೋನ್ ಮಾಡಿದಳು.

"ನಿನ್ನಲ್ಲಿ ಮಂದಿ ಹೊತ್ತು ಮುಣಗೂತನಕಾ ಕುಂತಿದ್ರಂತಲ್ಲ? ನನ್ನಲ್ಲಿ ಡ್ರೋನ್ ಇಳೀತು, ಮಂದಿ ಎದ್ರು. ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ನಿನ್ನ ನೋಡಿ ಹೊಟ್ಟಿ ಉರೀತೈತಿ ನೋಡು."

"ತಜ್ಞರು?"

"ಹಾರ ಹಾಕ್ಕೊಂಡು ಕುಂತಿದ್ರು, ಪಾಪ. ಮಾತಾಡಾಕ ಪಾಳಿನ ಬರಲಿಲ್ಲ."

ಸುಳ್ಳೇಕೆ, ಕೇಳಿ ಹೊಟ್ಟೆ ತಣ್ಣಗಾಯಿತು. ಆ ತಂಪು ಒಂದು ಕಪ್ ಚಹಾ ಮುಗಿಯುವವರೆಗೂ ಉಳಿಯಲಿಲ್ಲ. ಪ್ರಶ್ನೆಯನ್ನು ಸಂಶಿಯಲ್ಲಿ ಬಿಟ್ಟು ಉತ್ತರವನ್ನು ನವಲಗುಂದದಲ್ಲಿ ಸುಮ್ಮನೆ ಕೂರಿಸುವುದಕ್ಕೆ ಒಂದು ಇಲಾಖೆ ಬೇಕೇ, ಮಾನ್ಯರೇ?

ತಾವು ಬರುವುದು ಬೇಡ. ಭಾಷಣವೂ ಬೇಡ. ಬಿತ್ತನೆಗೆ ಇನ್ನು ಹೆಚ್ಚು ದಿನಗಳಿಲ್ಲ. ಅಷ್ಟರಲ್ಲಿ ಆ ತಜ್ಞರನ್ನು ರೇವವ್ವನ ಹೊಲಕ್ಕೆ ಕಳಿಸಿ. ಸಂಶಿಯ ರೈಲು ನಿಲ್ದಾಣದಿಂದ ನಡೆದು ಹೋಗುವಷ್ಟೇ ದೂರ. ಮಣ್ಣು ಮುಟ್ಟಿ ನೋಡಿ, ಕೊತ್ತಂಬರಿ ಬಿತ್ತಬೇಕೋ ಬೇಡವೋ ಹೇಳಲಿ. ಮಹಾನಂದಾಳ ಊರಿನವರಿಗೂ ಅವರು ಬೇಕಂತೆ. ಮೊದಲು ನವಲಗುಂದಕ್ಕೆ ಕಳಿಸಿದರೂ ಅಡ್ಡಿಯಿಲ್ಲ ಎಂದು ಬರೆಯಲು ಹೊರಟಿದ್ದೆ.

ಅಡ್ಡಿಯಿದೆ. ಮೊದಲು ಸಂಶಿಗೆ ಬರಲಿ.

ಇಂತಿ,
ಉದ್ಘಾಟನೆಯಾಗದೆಯೇ ಮುಗಿದ ಕಾರ್ಯಾಗಾರದ ಸಂಚಾಲಕಿ,
ನಾಜಮೀನ್, ಕುಂದಗೋಳ